ಸೊನ್ನೆಯ ನೈಋತ್ಯಕ್ಕೆ ಹದಿಮೂರು ಮನೆ

ಹನುಮಂತನಗರ, ಬೆಂಗಳೂರು
೧೦-೯-೧೯೬೧

ಶ್ರೀಮತ್ ಸಮಸ್ತ ಸರ್ವೆ ನಂಬರುಗಳ ಸಂರಕ್ಷಕ, ಅಷ್ಟದಿಕ್ಕುಗಳ ಕಿವಿ ಹಿಂಡಿ ಕಾಗದದ ಮೇಲೆ ಕೂರಿಸಿದ ಗಂಡುಗಲಿ, ನೂರಡಿ ಚೈನಿನ ಚಕ್ರವರ್ತಿ, ಥಿಯೊಡಲೈಟಿನ ಮೂರು ಕಾಲಿನ ಪೀಠದ ಹಿಂದೆ ಒಂದೇ ಕಣ್ಣು ತೆರೆದು ವಿರಾಜಮಾನರಾಗಿ ಸಿಂಧನೂರಿನ ಕರಿಮಣ್ಣನ್ನು ಪಾವನಗೊಳಿಸುತ್ತಿರುವ, ಇಟ್ಟಮಡು ಬಂಡೆಯ ಸೊನ್ನೆ-ಸೊನ್ನೆ ಸಂಸ್ಥಾನದ ಸ್ಥಾಪಕರಾದ ಶ್ರೀ ಶ್ರೀ ಸೇತುರಾಮ ಅಯ್ಯಂಗಾರ್ಯರ ಪಾದಾರವಿಂದಗಳಿಗೆ, ಅವರ ಏಕೈಕ ಪುತ್ರಿಯೂ, ಬಡಾವಣೆ ಕಚೇರಿಯಲ್ಲಿ ನಕ್ಷೆ ನಕಲಿಸುವ ಕಿರಿಯ ಟ್ರೇಸರಳೂ, ಹತ್ತೊಂಬತ್ತು ತಿಂಗಳಿಂದ ಸಾಮ್ರಾಜ್ಯದಿಂದ ಗಡಿಪಾರಾದವಳೂ ಆದ ವಾರಿಜಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

(ಹೆಣ್ಣುಮಕ್ಕಳು ಸಾಷ್ಟಾಂಗ ಮಾಡುವಂತಿಲ್ಲ ಎಂದು ಅಮ್ಮ ಹೆಗಲ ಮೇಲಿಂದ ಬಗ್ಗಿ ನೋಡಿ ತಿದ್ದಿದಳು. ಆದ್ದರಿಂದ ಬರಿಯ ನಮಸ್ಕಾರ ಎಂದು ಓದಿಕೊಳ್ಳಬೇಕು.)

ಇತ್ತ ಕ್ಷೇಮ. ಅಮ್ಮನಿಗೆ ಬರೆಯುವ ಕಾರ್ಡುಗಳಲ್ಲಿ ಹಿತ್ತಲ ನುಗ್ಗೆಮರದ ಆರೋಗ್ಯವನ್ನೂ ವಿಚಾರಿಸುತ್ತೀರಿ, ನನ್ನದನ್ನು ಮಾತ್ರ ಬಿಡುತ್ತೀರಿ. ನೋಡಲು ಬಂದ ಗಂಡಿನ ಕಡೆಯವರಿಗೆ ಉಪ್ಪಿಟ್ಟು ಕೊಟ್ಟು, ಜೊತೆಗೆ “ನನಗೆ ಕೆಲಸ ಸಿಕ್ಕಿದೆ, ಸೋಮವಾರದಿಂದ ಹೋಗ್ತೀನಿ” ಎಂದೂ ಬಡಿಸಿದ ಅಪರಾಧಕ್ಕೆ ಈ ಶಿಕ್ಷೆ ಎಂದು ಗೊತ್ತು. ಆ ವಿಷಯದಲ್ಲಿ ಕ್ಷಮೆ ಕೇಳುವ ಉದ್ದೇಶ ಇವತ್ತೂ ಇಲ್ಲ. ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ಚಿಕ್ಕಬೈರಪ್ಪನ ಪಾಳ್ಯ ನಿಮಗೆ ನೆನಪಿರಬೇಕು. ಐವತ್ತೊಂಬತ್ತರಲ್ಲಿ ನೀವು ಇಟ್ಟಮಡು ಕಡೆ ಸರ್ವೆ ಮಾಡುವಾಗ ಮೂರು ತಿಂಗಳು ದಿನಾ ಮಜ್ಜಿಗೆ ಕೊಟ್ಟ ಮುನಿಲಕ್ಷ್ಮಮ್ಮನ ಊರು. ಹದಿಮೂರೇ ಮನೆ. ಆಕೆ ಮೊನ್ನೆ ಗುರುವಾರ ಜಯನಗರದ ನಮ್ಮ ಕಚೇರಿಗೆ ನಡೆದು ಬಂದು, ಸೀದಾ ನನ್ನ ಮೇಜಿನ ಮುಂದೆ ನಿಂತು ಸೆರಗಿನ ಗಂಟಿನಿಂದ ಒಂದು ನೋಟೀಸು ತೆಗೆದರು.

“ಓದವ್ವ. ನಮ್ ಮನೆ ಇಲ್ವಂತೆ. ಇಲ್ದಿರೋ ಮನೇಲಿ ಬೆಳಗ್ಗೆ ಮುದ್ದೆ ತಿನ್ಕೊಂಡ್ ಬಂದಿವ್ನಿ.”

ಓದಿದೆ. ಪಾಳ್ಯದ ನಿವಾಸಿಗಳು ಅನುಮೋದಿತ ನಕ್ಷೆಯಲ್ಲಿ ತೋರಿಸಿದ ಸ್ಥಳವನ್ನು ತೊರೆದು ಅನಧಿಕೃತವಾಗಿ ಬೇರೆಡೆ ಮನೆ ಕಟ್ಟಿಕೊಂಡಿರುವುದು ಕಚೇರಿಯ ಗಮನಕ್ಕೆ ಬಂದಿದೆಯಂತೆ. ಅಕ್ಟೋಬರ್ ೨೩ರೊಳಗೆ ಎಲ್ಲರೂ ನಕ್ಷೆಯಲ್ಲಿ ತೋರಿಸಿದ ಸ್ಥಳಕ್ಕೆ ಹಿಂತಿರುಗತಕ್ಕದ್ದು. ತಪ್ಪಿದಲ್ಲಿ ಈಗಿನ ಮನೆಗಳನ್ನು ಕೆಡವಲಾಗುವುದು. ಅಲ್ಲಿ ಅರವತ್ತಡಿ ರಸ್ತೆ ಬರಲಿದೆ, ಎರಡೂ ಕಡೆ ಸೈಟುಗಳು.

ನಮ್ಮ ಹೊಸ ಇಂಜಿನಿಯರು ಶಾಂತವೀರಪ್ಪನವರು ಕೆಟ್ಟವರಲ್ಲ. ಸಹಿ ಬಿದ್ದ ಕಾಗದಕ್ಕೆ ಎದುರಾಡಿದರೆ ಪಾಪ ಬರುತ್ತದೆ ಎಂದು ನಂಬಿದವರು, ಅಷ್ಟೆ. ನಕ್ಷೆ ಬಿಡಿಸಿ ಬೆರಳಿಟ್ಟು ತೋರಿಸಿದರು.

“ನೋಡಮ್ಮ, ಸರ್ವೆ ಟೈಮಲ್ಲಿ ನೀವು ಇಲ್ಲಿದ್ರಿ. ಆಮೇಲೆ ಇತ್ತ ಬಂದ್ಬಿಟ್ಟಿದೀರಿ.”

“ಅದು ಕುಂಟೆ ಕಣ್ ಸ್ವಾಮಿ. ನಮ್ ಎಮ್ಮೆ ಈಜಾಡೋ ಜಾಗ.”

“ಆಗ ಬೇಸಿಗೆ ಇರ್ಬೇಕು. ಒಣಗಿತ್ತು, ಅಲ್ಲಿದ್ರಿ. ನೀರು ಬಂತು, ಎದ್ ಬಂದ್ರಿ.”

“ನಮ್ ತಾತ ಕಟ್ಟಿದ ಗೋಡೇನೂ ನಮ್ ಜತೆ ಎದ್ ಬಂತಾ?”

ಕಂದಾಯದ ರಸೀದಿ ತೋರಿಸಿದರೆ, ಅದರಲ್ಲಿ ಮನೆ ಇದೆ, ಎಲ್ಲಿದೆ ಎಂದಿಲ್ಲ ಎಂದರು. ಅದೂ ನಿಜವೇ.

ಅವರು ಊಟಕ್ಕೆ ಹೋದಾಗ ನಾನು ಕೋಆರ್ಡಿನೇಟ್ ರಿಜಿಸ್ಟರು ತೆಗೆದೆ. ಬಂಡೆಯ ಮೇಲೆ ನೀವು ಕೊರೆಸಿದ ಗುರುತೇ ಸೊನ್ನೆ. ಅಲ್ಲಿಂದ ಪೂರ್ವಕ್ಕೆ ಎಷ್ಟು ಅಡಿ, ಉತ್ತರಕ್ಕೆ ಎಷ್ಟು ಅಡಿ, ಮನೆಗೆ ಎರಡೇ ಅಂಕಿ. ಪಾಳ್ಯ ಇರುವುದು ಬಂಡೆಯ ನೈಋತ್ಯಕ್ಕೆ, ಎಂದರೆ ಎರಡೂ ಲೆಕ್ಕದಲ್ಲಿ ಉಲ್ಟಾ ದಿಕ್ಕಿಗೆ, ಆದ್ದರಿಂದ ಎರಡೂ ಅಂಕಿಗೆ ಮೊದಲು ಮೈನಸ್ ಇರಬೇಕು. ರಿಜಿಸ್ಟರಿನಲ್ಲಿ ಮುನಿಲಕ್ಷ್ಮಮ್ಮನ ಮನೆ ೪೧೨, ೨೬೫ ಎಂದಿದೆ. ಮೈನಸ್ ಇಲ್ಲ. ಹದಿಮೂರು ಮನೆಗೆ ಇಪ್ಪತ್ತಾರು ಮೈನಸ್ಸು, ಒಂದೂ ಇಲ್ಲ. ಹೀಗಾಗಿ ಇಡೀ ಪಾಳ್ಯ ಬಂಡೆಯ ಮೇಲಿಂದ ಹಾರಿ, ಅಷ್ಟೇ ದೂರ ಈಶಾನ್ಯಕ್ಕೆ ಹೋಗಿ ಕುಂಟೆಯೊಳಗೆ ಕುಳಿತಿದೆ.

ನೀವು ಬರೆದುಕೊಟ್ಟ ಪಟ್ಟಿಯನ್ನು ರಿಜಿಸ್ಟರಿಗೆ ಇಳಿಸಿದ ಮೇಲೆ ಪದ್ಧತಿಯಂತೆ ರದ್ದಿಗೆ ಹಾಕಿದ್ದಾರೆ. ಉಳಿದ ಸಾಕ್ಷಿ ಒಂದೇ, ಸ್ಥಳದಲ್ಲೇ ಅಳತೆ ಬರೆದುಕೊಂಡ ನಿಮ್ಮ ಫೀಲ್ಡ್ ಬುಕ್ಕು. ಅದು ಕಚೇರಿಯ ಅಲ್ಮೇರಾದಲ್ಲಿ ಇರಬೇಕಿತ್ತು, ಇಲ್ಲ. ನೀವು ಸಿಂಧನೂರಿಗೆ ಒಯ್ದ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಕಂಬಳಿಯ ಕೆಳಗಿದೆ ಎಂದು ಅಮ್ಮ ಹೇಳಿದಳು. ದಯವಿಟ್ಟು ಕಳಿಸಿ. ೨೩ಕ್ಕೆ ಮೊದಲು.

ಇಂತು ಗಡಿಪಾರಿನಿಂದ,
ವಾರಿಜಾ

*

ಸಿಂಧನೂರು ಕ್ಯಾಂಪು
೨೭-೯-೬೧

ಚಿ. ಕು. ವಾರಿಜಾಗೆ ಆಶೀರ್ವಾದಗಳು.

ಕಾಗದ ತಲುಪಿತು. ಮೊದಲ ಪುಟವನ್ನು ಬಿಟ್ಟು ಓದಿದೆ.

ಫೀಲ್ಡ್ ಬುಕ್ಕು ನನ್ನ ಬಳಿ ಇದೆ. ಕಳಿಸಲಾಗದು. ಅದನ್ನು ಕಚೇರಿಗೆ ಒಪ್ಪಿಸದೆ ತಂದದ್ದು ನಿಯಮಕ್ಕೆ ವಿರುದ್ಧ. ಎಲ್ಲರೂ ಅಳತೆ ಶುರುವಾಗುವ ಮೂಲಬಿಂದುವಿಗೆ ಸೊನ್ನೆಯ ಬದಲು ಸಾವಿರ-ಸಾವಿರ ಎಂದು ಇಡಬೇಕು, ಮೈನಸ್ ಬಾರದಿರಲಿ ಎಂದು ಸುತ್ತೋಲೆ ಇತ್ತು. ನಾನು ಸೊನ್ನೆ ಇಟ್ಟೆ. ಎರಡೂ ಈಗ ಹೊರಬಂದರೆ ಜನವರಿಯ ಬಡ್ತಿಯ ಪಟ್ಟಿಯಿಂದ ನನ್ನ ಹೆಸರು ಹೋಗುತ್ತದೆ. ನಿವೃತ್ತಿಗೆ ಮೊದಲು ಅದೊಂದೇ ಉಳಿದಿರುವುದು. ಮೇಲಾಗಿ ಬಡ್ತಿ ಬಂದರೆ ಬೆಂಗಳೂರಿಗೆ ವರ್ಗ.

ಶಾಂತವೀರಪ್ಪನವರು ಸ್ಥಳಕ್ಕೆ ಹೋಗಿ ನೋಡಿದರೆ ತಿಳಿಯುತ್ತದೆ. ನೋಡಲು ಹೇಳು.

ನಿನ್ನ ತಾಯಿ ಅಲಮೇಲುವಿಗೆ ಪ್ರತ್ಯೇಕ ಬರೆದಿದ್ದೇನೆ. ನುಗ್ಗೆಗೆ ಕಂಬಳಿಹುಳ ಬಂದಿದ್ದರೆ ಬೂದಿ ಹಾಕುವುದು.

ಸೇತುರಾಮ

*

ಹನುಮಂತನಗರ
೮-೧೦-೬೧

ನಿಯಮಪರಿಪಾಲನಾ ಧುರಂಧರರಾದ ತೀರ್ಥರೂಪರಲ್ಲಿ ವಾರಿಜಾಳ ವಿಜ್ಞಾಪನೆಗಳು.

ನನ್ನ ಹೆಸರು ನಿಮ್ಮ ಅಕ್ಷರದಲ್ಲಿ ಮತ್ತೆ ಕಾಣಿಸಿತು. ಅದಕ್ಕೆ ಹದಿಮೂರು ಮನೆ ಬೀಳುವ ಪರಿಸ್ಥಿತಿ ಬರಬೇಕಾಯಿತು ಎಂಬುದನ್ನು ದಾಖಲೆಗಾಗಿ ನಮೂದಿಸುತ್ತೇನೆ.

ಹೇಳಿದೆ, ಅಪ್ಪ. “ಸಾರ್, ಒಂದ್ಸಲ ಬಂದು ನೋಡಿ” ಎಂದೆ. ಶಾಂತವೀರಪ್ಪನವರು ಕನ್ನಡಕ ತೆಗೆದು ಒರೆಸಿ ಹೇಳಿದರು: “ಏನ್ ನೋಡೋದಮ್ಮ? ಮನೆಗಳು ಅಲ್ಲಿವೆ ಅಂತ ನಮಗೂ ಗೊತ್ತು. ಅದಕ್ಕೇ ನೋಟೀಸು ಕೊಟ್ಟಿರೋದು.”

ಸೊನ್ನೆ ಇಟ್ಟದ್ದಕ್ಕೆ ನಾನು ನಿಮ್ಮನ್ನು ದೂರುವುದಿಲ್ಲ. ದೂರಬೇಕಾದದ್ದು ಆ ಪಟ್ಟಿಯನ್ನು ರಿಜಿಸ್ಟರಿಗೆ ಇಳಿಸಿದ ಮಹಾನುಭಾವರನ್ನು. ಇಪ್ಪತ್ತಾರು ಮೈನಸ್ಸುಗಳನ್ನು ಬರಿಗೈಯಲ್ಲಿ ಸಂಹರಿಸಿದ ಆ ವೀರಾಗ್ರಣಿಗೆ ಬಂಡೆಯ ಮೇಲೆ ಒಂದು ವೀರಗಲ್ಲು ನೆಡಿಸಬೇಕೆಂದಿದ್ದೇನೆ. ಮಳೆಗಾಲದಲ್ಲಿ ಹದಿಮೂರು ಸಂಸಾರಗಳನ್ನು ಎಮ್ಮೆಗಳ ಜೊತೆ ನೀರಿಗೆ ಕಳಿಸುವುದು ಸಾಮಾನ್ಯರ ಕೆಲಸವಲ್ಲ.

ಪಾಳ್ಯಕ್ಕೆ ನಿನ್ನೆ ಹೋಗಿದ್ದೆ. ಮುನಿಲಕ್ಷ್ಮಮ್ಮನ ಸೊಸೆ ಮಂಗಮ್ಮನಿಗೆ ಆರು ತಿಂಗಳು. “ಕೆಡವೋಕ್ ಬಂದ್ರೆ ನಾನು ಅಡಿಗೆಮನೇಲೇ ಕೂತಿರ್ತೀನಿ, ಅದೇನ್ ಮಾಡ್ತಾರೋ ಮಾಡ್ಲಿ” ಎಂದಳು. ಊರಿನ ಯಜಮಾನ ಬೈರಣ್ಣ ಜಗಲಿಯ ಮೇಲೆ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ನೀನು ಸೇತುರಾಮಪ್ಪನೋರ ಮಗಳಲ್ವಾ? ಆವಯ್ಯ ನನ್ ಮನೆ ಮೂಲೇಲಿ ಗೂಟ ಹೊಡ್ದು, ಬುಕ್ನಲ್ ಬರ್ಕೊಂಡು, ‘ಬೈರಣ್ಣ, ಇನ್ನ ನಿನ್ ಮನೇನ ಯಾರೂ ಅಲ್ಲಾಡ್ಸಕ್ಕಾಗಲ್ಲ’ ಅಂದ. ಎಲ್ಲಿ ಆ ಬುಕ್ಕು?”

ನಾನು ಆ ಗೂಟ ಹೊಡೆದ ಮೂಲೆಗೆ ಹೋಗಿ ನೋಡಿ ಬಂದೆ.

ನೀವು ಕಳಿಸದಿದ್ದರೆ ಬೇಡ. ಕಚೇರಿ ಏನು ಹೇಳಿದೆ? ನಕ್ಷೆಯಲ್ಲಿ ತೋರಿಸಿದ ಸ್ಥಳಕ್ಕೆ ಹಿಂತಿರುಗತಕ್ಕದ್ದು. ಸರ್ಕಾರಿ ಆಜ್ಞೆಯನ್ನು ಅಕ್ಷರಶಃ ಪಾಲಿಸುವ ಪ್ರಜೆಗಳನ್ನು ಈ ರಾಜ್ಯ ಇನ್ನೂ ಕಂಡಿಲ್ಲ. ಕಾಣಲಿದೆ.

ನುಗ್ಗೆಗೆ ಬೂದಿ ಹಾಕಿದೆ.

ವಾರಿಜಾ

*

ಹನುಮಂತನಗರ
೨೪-೧೦-೬೧

ತೀರ್ಥರೂಪರಲ್ಲಿ ನಮಸ್ಕಾರಗಳು.

ಬಿರುದು ಬರೆಯುವಷ್ಟು ತಾಳ್ಮೆ ಇಲ್ಲ, ಮೂಗು ಸೋರುತ್ತಿದೆ. ನಿನ್ನೆ ನಾಲ್ಕು ಗಂಟೆ ನೀರಿನಲ್ಲಿ ನಿಂತಿದ್ದೆ. ಅಮ್ಮ ಮೆಣಸಿನ ಸಾರು ಕುಡಿಸುತ್ತ ನಿಮ್ಮನ್ನೂ ನನ್ನನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದಾಳೆ.

ಭಾನುವಾರ ಬೆಳಗ್ಗೆ ಹತ್ತು ಜನ ಬಂಡೆ ಹತ್ತಿದೆವು. ಕಚೇರಿಯ ಚೈನು ಮುಟ್ಟಲಿಲ್ಲ, ಬಾವಿಯ ಹಗ್ಗಕ್ಕೆ ಅಡಿಗಳ ಗುರುತು ಹಾಕಿಕೊಂಡೆವು. ಮೂರು, ನಾಲ್ಕು, ಐದು ಗಂಟಿನ ಹಗ್ಗ ಎಳೆದು ಲಂಬ ಹಿಡಿಯುವುದನ್ನು ನನಗೆ ಏಳನೆಯ ವಯಸ್ಸಿನಲ್ಲಿ ಹಿತ್ತಲಲ್ಲಿ ಕಲಿಸಿದವರು ನೀವೇ, ಆದ್ದರಿಂದ ಮುಂದಿನದಕ್ಕೆಲ್ಲ ನೀವೂ ಪಾಲುದಾರರು. ನಿಮ್ಮ ಸೊನ್ನೆಯಿಂದ ಪೂರ್ವಕ್ಕೆ ೪೧೨, ಉತ್ತರಕ್ಕೆ ೨೬೫. ಅಲ್ಲಿ ಬಿದಿರಿನ ಗೂಟ, ಗೂಟಕ್ಕೆ ರಟ್ಟು, ರಟ್ಟಿನ ಮೇಲೆ ನನ್ನ ಅತ್ಯುತ್ತಮ ಅಕ್ಷರದಲ್ಲಿ “ಮುನಿಲಕ್ಷ್ಮಮ್ಮನವರ ಮನೆ, ಅನುಮೋದಿತ ನಕ್ಷೆಯಂತೆ”. ಹೀಗೆ ಹದಿಮೂರು. ಒಂಬತ್ತು ಗೂಟ ಮೊಣಕಾಲಿನ ನೀರಿನಲ್ಲಿ, ಮೂರು ಕೆಸರಿನಲ್ಲಿ, ಬೈರಣ್ಣನದು ಮಾತ್ರ ಸೊಂಟದವರೆಗಿನ ಮಡುವಿನಲ್ಲಿ.

“ಯಜಮಾನಂದು ಅಂತ ಆಳವಾಗಿರೋ ಜಾಗ ಕೊಟ್ಟವ್ರೆ” ಎಂದಳು ಮಂಗಮ್ಮ. ಅವಳನ್ನು ದಡದ ಮೇಲೆ ಕೂರಿಸಿದ್ದೆವು, ಅವಳಿಗೆ ಅದೇ ದೊಡ್ಡ ಅವಮಾನವಾಗಿತ್ತು.

ಸೋಮವಾರ ಹನ್ನೊಂದಕ್ಕೆ ಜೀಪು ಬಂತು, ಹಿಂದೆ ಗುದ್ದಲಿ ಹಿಡಿದ ಆರು ಜನ. ಪಾಳ್ಯದಲ್ಲಿ ಒಂದು ಕೋಳಿಯೂ ಇರಲಿಲ್ಲ, ಬಾಗಿಲುಗಳಿಗೆಲ್ಲ ಬೀಗ. ಶಾಂತವೀರಪ್ಪನವರು ಬಂಡೆ ಸುತ್ತಿ ಈಚೆ ಬಂದು ನೋಡುತ್ತಾರೆ, ಇಡೀ ಊರು ಕುಂಟೆಯಲ್ಲಿದೆ. ಹದಿಮೂರು ಗೂಟ, ಗೂಟಕ್ಕೊಂದು ಸಂಸಾರ. ತಲೆಯ ಮೇಲೆ ಪಾತ್ರೆ, ಕಂಕುಳಲ್ಲಿ ಚಾಪೆ. ಪಾಳ್ಯದ ಅಂಜನಮ್ಮ ತಮ್ಮ ಗೂಟದ ಬಳಿ ಒಲೆಯ ಕಲ್ಲುಗಳನ್ನು ನೀರೊಳಗೇ ಜೋಡಿಸಿ ಊದುಕೊಳವೆಯಲ್ಲಿ ಊದುತ್ತಿದ್ದರು, ಗುಳುಗುಳು ಸದ್ದು ಬರುತ್ತಿತ್ತು.

“ಏನಿದು?” ಎಂದರು ಸಾಹೇಬರು.

ಬೈರಣ್ಣ ಮಡುವಿನಿಂದ ಕೈಮುಗಿದ. “ನೋಟೀಸ್ ಪ್ರಕಾರ ವಾಪಸ್ ಬಂದಿದೀವಿ ಸ್ವಾಮಿ. ಮನೆ ಒಳಿಕ್ ಬನ್ನಿ.”

“ಮೇಲೆ ಬನ್ರಿ, ಯಾರಾದ್ರೂ ಸತ್ತುಗಿತ್ತಾರು.”

“ಮೇಲೆ ಬಂದ್ರೆ ಅನಧಿಕೃತ ಆಗೋಯ್ತದೆ” ಎಂದರು ಮುನಿಲಕ್ಷ್ಮಮ್ಮ. “ಚಪ್ಲಿ ಅಲ್ಲೇ ಬುಟ್ ಬನ್ನಿ ಬುದ್ಧಿ, ನೀವ್ ನಿಂತಿರೋದು ನಮ್ ಜಗಲಿ. ಒಂದ್ ಸೈನ್ ಹಾಕಿ, ನಾವು ಆರ್ಡರ್ ಪಾಲಿಸಿದೀವಿ ಅಂತ.”

ಆಗ ಅವರು ನನ್ನನ್ನು ನೋಡಿದರು. ನಾನು ಕಚೇರಿಯ ನಕ್ಷೆಯ ಪ್ರತಿ ಹಿಡಿದು, ಮೊಣಕಾಲಿನ ನೀರಿನಲ್ಲಿ, ಅಂಜನಮ್ಮನ ಗೂಟದ ಪಕ್ಕ ನಿಂತಿದ್ದೆ.

“ವಾರಿಜಾ, ನೀವು ರಜಾ ಹಾಕಿದೀರಿ ಅಲ್ವೇನಮ್ಮ? ಜ್ವರ ಅಂತ?”

“ಬರುತ್ತೆ ಸಾರ್, ಸಂಜೆಯೊಳಗೆ” ಎಂದೆ.

ಗುದ್ದಲಿಯವರಲ್ಲಿ ಒಬ್ಬ ನಕ್ಕ. ಮತ್ತೊಬ್ಬ ನಕ್ಕ. ಶಾಂತವೀರಪ್ಪನವರು ನಗಲಿಲ್ಲ. ನೀರಿಗಿಳಿದು ನಕ್ಷೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬಂಡೆ ನೋಡಿದರು, ಕುಂಟೆ ನೋಡಿದರು. ಅವರ ಬೂಟಿನೊಳಗೆ ಆಗಲೇ ನೀರು ನುಗ್ಗಿತ್ತು. ಆಮೇಲೆ ಮೆಲ್ಲಗೆ ಹೇಳಿದರು: “ನನ್ನ ಕಣ್ಣು ನಂಬ್ತೀನಿ. ಆದ್ರೆ ಫೈಲು ನನ್ನ ಕಣ್ಣು ನಂಬಲ್ಲ. ಮೂಲ ಪುಸ್ತಕ ತರಿಸಿ. ನವೆಂಬರ್ ಇಪ್ಪತ್ತರವರೆಗೆ ತಡೀತೀನಿ. ಆಮೇಲೆ ನನ್ನ ಕೈಲಿಲ್ಲ.”

ನಿಮ್ಮ ವಿಳಾಸ ಕೇಳಿದರು. ಕೊಟ್ಟೆ. ಫೀಲ್ಡ್ ಬುಕ್ಕು ನಿಮ್ಮ ಹತ್ತಿರ ಇದೆ ಎಂದು ಮಾತ್ರ ಹೇಳಲಿಲ್ಲ. ಅದನ್ನು ಹೇಳಬೇಕಾದವರು ನೀವು.

ಇವತ್ತು ನನಗೊಂದು ಮೆಮೊ ಬಂದಿದೆ: ಸಾರ್ವಜನಿಕ ಕುಂಟೆಯಲ್ಲಿ ಅಶೋಭನೀಯವಾಗಿ ನಿಂತದ್ದಕ್ಕೆ ಕಾರಣ ಕೇಳಿ. “ಸದರಿ ಸ್ಥಳವು ಅನುಮೋದಿತ ನಕ್ಷೆಯ ಪ್ರಕಾರ ಕುಂಟೆಯಲ್ಲದೆ ವಸತಿ ಪ್ರದೇಶವಾಗಿದ್ದು, ನಾನು ನಿಂತದ್ದು ಶ್ರೀಮತಿ ಅಂಜನಮ್ಮನವರ ನಡುಮನೆಯಲ್ಲಿ” ಎಂದು ಉತ್ತರ ಬರೆದಿದ್ದೇನೆ. ಕೆಲಸ ಹೋದರೆ ಹೋಗಲಿ. ಉಪ್ಪಿಟ್ಟು ಮಾಡುವುದನ್ನು ಮರೆತಿಲ್ಲ.

ವಾರಿಜಾ

*

ಸಿಂಧನೂರು ಕ್ಯಾಂಪು
೯-೧೧-೬೧

ಚಿ. ಕು. ವಾರಿಜಾಗೆ ಆಶೀರ್ವಾದಗಳು.

ಜ್ವರ ಬಿಟ್ಟಿತೇ?

ಶಾಂತವೀರಪ್ಪನವರ ಕಾಗದ ಬಂತು. ಜೊತೆಗೆ ರಿಜಿಸ್ಟರಿನ ಆ ಪುಟದ ಪ್ರತಿಯನ್ನೂ ಇಟ್ಟಿದ್ದರು. ನೋಡಿದೆ. ಅಕ್ಷರ ದುಂಡಗಿದೆ, ಕಾಲಮ್ಮುಗಳು ನೆಟ್ಟಗಿವೆ. ಯಾರು ನಕಲು ಮಾಡಿರಬಹುದೆಂದು ನನ್ನನ್ನು ಕೇಳಿದ್ದಾರೆ.

ಇವತ್ತು ಫೀಲ್ಡ್ ಬುಕ್ಕನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಅವರ ಹೆಸರಿಗೆ ಕಳಿಸಿದೆ. ಪುಟ ೩೧ರಿಂದ ೩೪. ಇಪ್ಪತ್ತಾರೂ ಇವೆ, ಕೆಂಪು ಶಾಯಿಯಲ್ಲಿ. ಜೊತೆಗೆ ಬರೆದಿದ್ದೇನೆ: ಪುಸ್ತಕ ಒಪ್ಪಿಸದ ತಪ್ಪು ನನ್ನದು. ಸುತ್ತೋಲೆ ಮೀರಿ ಸೊನ್ನೆ ಇಟ್ಟ ತಪ್ಪೂ ನನ್ನದು. ಸಾವಿರ ಇಟ್ಟಿದ್ದರೆ ಯಾರಿಗೂ ಬಿಟ್ಟುಹೋಗಲು ಮೈನಸ್ಸೇ ಇರುತ್ತಿರಲಿಲ್ಲ. ಆದ್ದರಿಂದ ನಕಲು ಮಾಡಿದವರನ್ನು ಹುಡುಕುವ ಅಗತ್ಯ ಕಾಣುವುದಿಲ್ಲ.

ತಪ್ಪೆಂದು ಬರೆದಿದ್ದೇನೆ, ತಪ್ಪೆಂದು ಒಪ್ಪಿಲ್ಲ. ನಿನಗೆ ಹೇಳುತ್ತೇನೆ. ಸಾವಿರದಿಂದ ಶುರುಮಾಡುವುದೆಂದರೆ, ನಾವು ಎಂದೂ ಕಾಲಿಡದ ಎಲ್ಲೋ ಒಂದು ಮೂಲೆಯಿಂದ ಅಳೆದೆವು ಎಂದು ಹೇಳಿಕೊಂಡಂತೆ. ನಾನು ಬಂಡೆಯ ಮೇಲೆ ನಿಂತು ಅಳೆದೆ. ಎಡಕ್ಕಿದ್ದವರನ್ನು ಎಡಕ್ಕೆ, ಹಿಂದಿದ್ದವರನ್ನು ಹಿಂದಕ್ಕೆ ಬರೆದೆ. ಯಾರನ್ನೂ ಮುಂದಕ್ಕೆ ತಳ್ಳಲಿಲ್ಲ. ಬೈರಣ್ಣನಿಗೆ ಹೇಳಿದ ಮಾತು ನನಗೂ ನೆನಪಿದೆ.

ಬಡ್ತಿಯ ವಿಷಯ ಅಲಮೇಲುವಿಗೆ ಈಗಲೇ ಹೇಳಬೇಡ. ನಾನೇ ಬರೆಯುತ್ತೇನೆ.

ಹಗ್ಗದಲ್ಲಿ ಅಳೆದೆ ಎಂದು ಬರೆದಿದ್ದೀಯೆ. ಒದ್ದೆಯಾದರೆ ಹಗ್ಗ ಕುಗ್ಗುತ್ತದೆ. ಕುಂಟೆಯೊಳಗಿನ ಗೂಟಗಳು ಒಂದೆರಡು ಅಡಿ ತಪ್ಪಿರಬೇಕು.

ಸೇತುರಾಮ

*

ಹನುಮಂತನಗರ
೩-೧೨-೬೧

ಅಪ್ಪ,

ನೋಟೀಸು ರದ್ದಾಯಿತು. ಹದಿಮೂರು ಮನೆಗೂ ಶಾಂತವೀರಪ್ಪನವರೇ ಹೋಗಿ ಕಾಗದ ಕೊಟ್ಟು ಬಂದರು, ಈ ಸಲ ಚಪ್ಪಲಿ ಬಿಟ್ಟು ಜಗಲಿ ಹತ್ತಿದರಂತೆ. ಅರವತ್ತಡಿ ರಸ್ತೆ ಪಾಳ್ಯದ ಬಡಗಲಿಗೆ ಸರಿಯುತ್ತದೆ. ಹೊಸ ನಕ್ಷೆ ನಾನೇ ಟ್ರೇಸ್ ಮಾಡುತ್ತಿದ್ದೇನೆ. ಮೂಲಬಿಂದುವಿಗೆ ಸಾವಿರ-ಸಾವಿರ ಇಡಬೇಕೆಂದು ಆಜ್ಞೆಯಾಯಿತು. ಕೆಳಗೆ ಅಂಚಿನಲ್ಲಿ “ಸಾವಿರ ಎಂಬುದು ಅನುಕೂಲಕ್ಕೆ, ಅಳೆದದ್ದು ಬಂಡೆಯ ಸೊನ್ನೆಯಿಂದ, ಸೇ.ರಾ., ೧೯೫೯” ಎಂದು ಸಣ್ಣಕ್ಷರದಲ್ಲಿ ಬರೆದಿದ್ದೇನೆ. ತೆಗೆಯಿರಿ ಎಂದರು ಸಾಹೇಬರು. ತೆಗೆಯುವುದಿಲ್ಲ ಎಂದೆ. “ನಿಮ್ಮ ವಂಶಕ್ಕೇ ಸುತ್ತೋಲೆ ಓದೋ ಅಭ್ಯಾಸ ಇಲ್ವಲ್ಲಮ್ಮ” ಎಂದು ಸಹಿ ಹಾಕಿದರು.

ಜನವರಿಯ ಬಡ್ತಿಯ ಪಟ್ಟಿ ಆಗಲೇ ನಮ್ಮ ಕಚೇರಿಗೂ ಬಂದಿದೆ, ನೋಡಿದೆ. ನಿಮ್ಮ ಹೆಸರಿಲ್ಲ. ಅಮ್ಮನಿಗೆ ಹೇಳಿಲ್ಲ, ಆದರೆ ಅವಳಿಗೆ ಗೊತ್ತು. ನಿಮಗೆಂದು ತೆಗೆದಿಟ್ಟಿದ್ದ ಪಂಚೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಿದಳು. ಬೈರಣ್ಣ ಒಂದು ಗಡಿಗೆ ತುಪ್ಪ ತಂದುಕೊಟ್ಟ. “ಸೇತುರಾಮಪ್ಪನೋರು ಮಾತ್ ಉಳಿಸ್ಕೊಂಡ್ರು” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ. ನನ್ನನ್ನೂ ಹೊಗಳಿದ. ಪಾಳ್ಯದಲ್ಲಿ ಈಗ ನನ್ನನ್ನು ಕುಂಟೆ ವಾರಿಜಮ್ಮ ಎನ್ನುತ್ತಾರೆ, ಹೋದಲ್ಲೆಲ್ಲ ಎಲೆ ಹಾಕಿ ಊಟಕ್ಕೆ ಕೂರಿಸುತ್ತಾರೆ. ಎರಡು ಸಲ ಉಂಡೆ. ಮೂರನೆಯ ಸಲ ಎಲೆಯ ಮುಂದಿನಿಂದ ಎದ್ದು ಬಂದೆ.

ನೀವು ಆ ಪುಟ ನೋಡಿದ್ದೀರಿ. ಅಕ್ಷರ ದುಂಡಗಿದೆ ಎಂದು ಬರೆದು, ಮುಂದೆ ಏನೂ ಬರೆಯಲಿಲ್ಲ. ಆ ಸಾಲನ್ನು ನಾನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ವೀರಾಗ್ರಣಿ, ಮಹಾನುಭಾವ, ವೀರಗಲ್ಲು, ಇವೆಲ್ಲ ನಾನೇ ನನಗೆ ಕೊಟ್ಟುಕೊಂಡ ಬಿರುದುಗಳು. ಮುನಿಲಕ್ಷ್ಮಮ್ಮ ನೋಟೀಸು ತಂದ ದಿನ ರಿಜಿಸ್ಟರು ತೆಗೆದಾಗಲೇ ನನ್ನ ಅಕ್ಷರ ನನಗೆ ಕಾಣಿಸಿತ್ತು.

ಅದು ಕೆಲಸಕ್ಕೆ ಸೇರಿದ ಮೊದಲನೆಯ ವಾರ. ನಿಮ್ಮ ಪಟ್ಟಿ ನನ್ನ ಮೇಜಿಗೆ ಬಂತು. ಕಚೇರಿಯ ಬೇರೆ ಯಾವ ಪಟ್ಟಿಯಲ್ಲೂ ಮೈನಸ್ ಕಂಡಿರಲಿಲ್ಲ. ಯಾರ ಮನೆಯಾದರೂ ಸೊನ್ನೆಗಿಂತ ಕಡಿಮೆ ದೂರದಲ್ಲಿ ಇರುವುದುಂಟೇ, ಅಪ್ಪನಿಗೆ ವಯಸ್ಸಾಯಿತು, ಇದನ್ನು ಕಂಡು ಎಲ್ಲರೂ ನಗುತ್ತಾರೆ ಎಂದುಕೊಂಡೆ. ಯಾರಿಗೂ ಹೇಳದೆ ಇಪ್ಪತ್ತಾರನ್ನೂ ಬಿಟ್ಟು ಬರೆದೆ. ನೀವು ನನ್ನೊಡನೆ ಮಾತು ಬಿಟ್ಟು ಆಗ ಒಂಬತ್ತು ದಿನವಾಗಿತ್ತು. ಸಂಜೆ ಮನೆಗೆ ಬಂದು, ಕಾಲು ತೊಳೆಯುವ ಮೊದಲೇ ಅಮ್ಮನಿಗೆ ಹೇಳಿದೆ, “ಇವತ್ತು ಆಫೀಸಲ್ಲಿ ಅಪ್ಪನ ಮಾನ ಉಳಿಸ್ದೆ ಕಣಮ್ಮ” ಅಂತ.

ನಿಮ್ಮ
ವಾರಿಜಾ